ಮರಿ ಮುದ್ದಾಗಿದೆ, ಅದಕ್ಕೆ ಕೆಲಸ ಕೊಡುವವರು ಯಾರು?

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ಮಗನಿಗೆ 8 ವರ್ಷ, ಮಗಳಿಗೆ 4. ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮನೆಯಲ್ಲಿ ಅತ್ತೆ ಇರುತ್ತಾರೆ, ಅವರಿಗೆ ಮಂಡಿ ನೋವು. ನನ್ನ ಗಂಡನ ಗೆಳೆಯರೊಬ್ಬರು ಕುರಿ ಸಾಕಿದ್ದಾರೆ. ಅವರ ಬಾರ್ಡರ್ ಕೋಲಿ ನಾಯಿ ಮರಿ ಹಾಕಿದೆ. ಮರಿಗಳ ತಾಯಿ, ತಂದೆ ಎರಡೂ ದಿನವಿಡೀ ಮಂದೆಯ ಹಿಂದೆ ಓಡಾಡುವ ನಾಯಿಗಳು. ಉಳಿದಿರುವ ಒಂದು ಮರಿಯನ್ನು ನಮಗೆ ಕೊಡುತ್ತೇನೆ ಎಂದಿದ್ದಾರೆ. ಅದಕ್ಕೀಗ 6 ವಾರ. ನೋಡಲು ಹೋದಾಗ ಮಗನ ತೊಡೆಯ ಮೇಲೇ ಮಲಗಿ ನಿದ್ದೆ ಮಾಡಿತು. ಅವನು ಆಗಲೇ ಹೆಸರಿಟ್ಟಾಗಿದೆ. 'ತುಂಬಾ ಬುದ್ಧಿವಂತ ಜಾತಿ, ಬೇಗ ಕಲಿಯುತ್ತೆ' ಎನ್ನುತ್ತಾರೆ ಗಂಡ. ನನಗೂ ನಾಯಿ ಎಂದರೆ ಇಷ್ಟವೇ. ಆದರೂ ಯಾಕೋ ಧೈರ್ಯ ಬರುತ್ತಿಲ್ಲ. ಬೇಡ ಎಂದರೆ ಮನೆಯಲ್ಲಿ ನಾನೇ ಕೆಟ್ಟವಳಾಗುತ್ತೇನೆ. ಇನ್ನು 2 ವಾರದಲ್ಲಿ ಹೇಳಬೇಕು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮರಿ ಯಾರ ತೊಡೆಯ ಮೇಲೆ ಮಲಗಿತು ಎಂದು ಬರೆದಿದ್ದೀರಿ. ಬೆಳಗ್ಗೆ ಎದ್ದು ಅದನ್ನು ಯಾರು ಹೊರಗೆ ಕರೆದುಕೊಂಡು ಹೋಗುತ್ತಾರೆ ಎಂದು ಬರೆದಿಲ್ಲ. ಮನೆಯಲ್ಲಿ ಆ ಮಾತೇ ಬಂದಿಲ್ಲ ಅನ್ನಿಸುತ್ತದೆ. ಮಾತು ಬಾರದೆ ಹೋದ ಕೆಲಸ ಕೊನೆಗೆ ಯಾರ ತಲೆಗೆ ಬರುತ್ತದೆ ಎಂದು ನಿಮಗೆ ಗೊತ್ತಿದೆ. ನಿಮಗೆ ಧೈರ್ಯ ಬಾರದಿರುವುದು ಅದಕ್ಕೇ ಅಲ್ವಾ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮರಿ, ನಿಮ್ಮ ಮನೆಗೆ, ಈಗ ಬೇಡ. ನಾಯಿಯೇ ಬೇಡ ಎಂದು ಹೇಳುತ್ತಿಲ್ಲ. ಯಾಕೆ ಎಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನೀವು ಮನೆಯಲ್ಲಿ ಮಾತಾಡುವಾಗ ಅದು ಕೈಗೆ ಬರಲಿ.

ಬಾರ್ಡರ್ ಕೋಲಿ ಬಂದದ್ದು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿ ಸೀಮೆಯಿಂದ. ಹೆಸರಿನಲ್ಲಿರುವ 'ಬಾರ್ಡರ್' ಆ ಗಡಿಯೇ. 1893ರಲ್ಲಿ ಅಲ್ಲಿನ ನಾರ್ಥಂಬರ್ಲೆಂಡಿನಲ್ಲಿ ಹೆಂಪ್ ಎಂಬ ಒಂದು ಗಂಡು ಮರಿ ಹುಟ್ಟಿತು. ಬೊಗಳುತ್ತಿರಲಿಲ್ಲ, ಕುರಿಗಳ ಮೇಲೆ ಹಾಯುತ್ತಿರಲಿಲ್ಲ. ಬಗ್ಗಿ ನಿಂತು ಬರೀ ನೋಟದಿಂದಲೇ ಅವುಗಳನ್ನು ಸರಿಸುತ್ತಿತ್ತು. ಕುರುಬರಿಗೆ ಅದು ಎಷ್ಟು ಹಿಡಿಸಿತೆಂದರೆ ಇಂದಿನ ಬಾರ್ಡರ್ ಕೋಲಿಗಳ ವಂಶ ಹಿಂದೆ ಹುಡುಕುತ್ತಾ ಹೋದರೆ ಹೆಚ್ಚೂಕಡಿಮೆ ಎಲ್ಲವೂ ಆ ಹೆಂಪ್ ಹತ್ತಿರವೇ ಹೋಗಿ ನಿಲ್ಲುತ್ತವೆ. 1906ರಲ್ಲಿ ಕುರಿನಾಯಿಗಳಿಗಾಗಿಯೇ ಅಂತರರಾಷ್ಟ್ರೀಯ ಸಂಘ ಶುರುವಾಯಿತು. ಯಾವ ನಾಯಿಯನ್ನು ಯಾವುದರ ಜೊತೆ ಕೂಡಿಸಬೇಕು ಎಂದು ತೀರ್ಮಾನಿಸುವಾಗ ಕುರುಬರು ಬಣ್ಣ, ಕಿವಿ, ಬಾಲ ನೋಡಲಿಲ್ಲ. ಮಂದೆಯ ಮುಂದೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೇ ನೋಡಿದರು. ನಿಮ್ಮ ಮಗನ ತೊಡೆಯ ಮೇಲೆ ಮಲಗಿದ ಮರಿಯ ತಾಯಿ, ತಂದೆ ಇವತ್ತಿಗೂ ಅದೇ ಕೆಲಸದಲ್ಲಿವೆ. 6 ವಾರದ ಮರಿ ಯಾರ ತೊಡೆಯ ಮೇಲಾದರೂ ಮಲಗುತ್ತದೆ. ಆ ವಯಸ್ಸಿನಲ್ಲಿ ದಿನದ 18-20 ಗಂಟೆ ಅವು ನಿದ್ದೆಯಲ್ಲೇ ಇರುತ್ತವೆ.

ಈಗ ಆ ಕುರಿ ಕಾಯುವ ಗುಣ ಮನೆಯೊಳಗೆ ಬಂದರೆ ಹೇಗಿರುತ್ತದೆ? ತೋಳ ಬೇಟೆಯಾಡುವಾಗ ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಕಚ್ಚುತ್ತದೆ, ಕೊಲ್ಲುತ್ತದೆ. ಕುರಿನಾಯಿಯಲ್ಲಿ ಮನುಷ್ಯರು ಮೊದಲ ಮೂರನ್ನು ಬೆಳೆಸಿ, ಕೊನೆಯದನ್ನು ತೆಗೆದಿದ್ದಾರೆ. ಕಚ್ಚುವುದು ಸ್ವಲ್ಪ ಉಳಿದಿದೆ, ಮೊಂಡು ಕುರಿಯನ್ನು ಸರಿಸಲು ಬೇಕಾದಷ್ಟು. ಈ ಗುಣ ಕೆರಳುವುದು ಚಲನೆಯಿಂದ. ಓಡುವ ಮಗು, ಸೈಕಲ್, ಕಾರು, ಕಸ ಗುಡಿಸುವ ಪೊರಕೆ, ಗೋಡೆ ಮೇಲೆ ಆಡುವ ಬೆಳಕು ಎಲ್ಲವೂ ಅದಕ್ಕೆ ಕುರಿಯೇ. ಕೆಲವು ನಾಯಿಗಳು ನೆರಳನ್ನೇ ದಿನವಿಡೀ ಅಟ್ಟುತ್ತಾ ಕೂರುತ್ತವೆ. ನೋಡುವವರಿಗೆ ನಗು ಬರುತ್ತದೆ. ಆದರೆ ಅದು ಆಟ ಅಲ್ಲ, ಬಿಡಲಾಗದ ಚಟವಾಗಿರುತ್ತದೆ.

ನಮ್ಮ ಮನೆಯಲ್ಲಿ ಹಿಂದೆ ಇಂಥದ್ದೇ ಒಂದು ಹೆಣ್ಣು ನಾಯಿ ಇತ್ತು. ಪ್ರಾಣ ಕೊಡುವಂಥ ನಾಯಿ. ಅಕ್ಕನ ಮಕ್ಕಳು ರಜೆಗೆ ಬಂದಿದ್ದರು. ಅಂಗಳದಲ್ಲಿ ಓಡಾಡುತ್ತಿದ್ದ ಮೂವರನ್ನೂ ಅದು ಸುತ್ತಿ ಸುತ್ತಿ ಒಂದು ಮೂಲೆಗೆ ತಂದು ನಿಲ್ಲಿಸಿತು. ನಾವು ಚಪ್ಪಾಳೆ ತಟ್ಟಿದೆವು. ಮಾರನೇ ದಿನ ಚಿಕ್ಕವಳು ಗುಂಪು ಬಿಟ್ಟು ಓಡಿದಳು. ನಾಯಿ ಹಿಂದೆ ಹೋಗಿ ಹಿಮ್ಮಡಿಗೆ ಬಾಯಿ ಹಾಕಿತು. ಅವಳು ಬಿದ್ದು ಗಲ್ಲ ಒಡೆದುಕೊಂಡಳು. ನಾನು ನಾಯಿಯನ್ನು ಹೊಡೆದೆ. ಈಗಲೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದು ತನಗೆ ಗೊತ್ತಿದ್ದ ಒಂದೇ ಕೆಲಸವನ್ನು ಚೆನ್ನಾಗಿ ಮಾಡಿತ್ತು. ಹಿಂದಿನ ದಿನ ಅದೇ ಕೆಲಸಕ್ಕೆ ನಾನೇ ಚಪ್ಪಾಳೆ ತಟ್ಟಿದ್ದೆ.

ನಿಮ್ಮ ಮಗಳಿಗೆ 4 ವರ್ಷ. ಆ ವಯಸ್ಸಿನ ಮಕ್ಕಳು ನಡೆಯುವುದೇ ಕಡಿಮೆ, ಓಡುವುದೇ ಜಾಸ್ತಿ. ಓಡುತ್ತಾ ಕಿರುಚುತ್ತಾರೆ ಬೇರೆ. ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಇದೇ.

ಇನ್ನು ನಿಮ್ಮ ಯಜಮಾನರ ಮಾತು. ಬುದ್ಧಿವಂತ ಜಾತಿ ಎನ್ನುವುದು ನಿಜ. ಅಮೆರಿಕದಲ್ಲಿ ಚೇಸರ್ ಎಂಬ ಬಾರ್ಡರ್ ಕೋಲಿ 1,022 ಆಟಿಕೆಗಳ ಹೆಸರು ಕಲಿತಿತ್ತು. ಆ ಸುದ್ದಿಯನ್ನು ಬಹಳ ಜನ ಕೇಳಿರುತ್ತಾರೆ. ಅದರ ಹಿಂದೆ ಏನಿತ್ತು ಎಂದು ಕೇಳಿರುವುದಿಲ್ಲ. ಅದನ್ನು ಸಾಕಿದವರು ನಿವೃತ್ತ ಮನಶ್ಶಾಸ್ತ್ರ ಪ್ರಾಧ್ಯಾಪಕ ಜಾನ್ ಪಿಲ್ಲಿ. ದಿನಕ್ಕೆ 4-5 ಗಂಟೆಯಂತೆ 3 ವರ್ಷ ಅದರ ಜೊತೆ ಕೂತು ಕಲಿಸಿದರು. ಬುದ್ಧಿವಂತ ನಾಯಿ ಎಂದರೆ ಸುಲಭದ ನಾಯಿ ಅಲ್ಲ. ನೀವು ಕಲಿಸಿದ್ದನ್ನು ಬೇಗ ಕಲಿಯುತ್ತದೆ, ಕಲಿಸದೇ ಇದ್ದದ್ದನ್ನೂ ಅಷ್ಟೇ ಬೇಗ ಕಲಿಯುತ್ತದೆ. ಬಾಗಿಲ ಚಿಲಕ ತೆಗೆಯುವುದು, ನೀವು ಚಪ್ಪಲಿ ಹಾಕಿಕೊಂಡ ಕೂಡಲೇ ಕಿರುಚುವುದು, ಮಗುವಿನ ಕೈಯಿಂದ ಬಿಸ್ಕತ್ತು ಕಿತ್ತುಕೊಳ್ಳುವುದು, ಯಾವುದೂ ಅದಕ್ಕೆ ಕಷ್ಟವಲ್ಲ.

'ಚೆನ್ನಾಗಿ ಓಡಿಸಿದರೆ ಸುಸ್ತಾಗಿ ಬಿದ್ದಿರುತ್ತೆ' ಎಂದು ಯಾರಾದರೂ ಹೇಳಬಹುದು. ನಾನೂ ಒಂದು ಕಾಲದಲ್ಲಿ ಹಾಗೇ ನಂಬಿದ್ದೆ. ದಿನಾ ಒಂದು ಗಂಟೆ ಚೆಂಡು ಎಸೆದರೆ ಈ ನಾಯಿಗೆ ಸುಸ್ತಾಗುವುದಿಲ್ಲ, ಇನ್ನೂ ಹುರುಪು ಏರುತ್ತದೆ. ಮುಂದಿನ ತಿಂಗಳು ಎರಡು ಗಂಟೆ ಬೇಕು ಎನ್ನುತ್ತದೆ. ಇದಕ್ಕೆ ಬೇಕಾದದ್ದು ತಲೆಗೆ ಕೆಲಸ. ಅದರಷ್ಟೇ ಮುಖ್ಯವಾಗಿ, ಸುಮ್ನೆ ಮಲಗುವುದನ್ನೂ ಯಾರಾದರೂ ಕಲಿಸಬೇಕು. ಅದೂ ಒಂದು ಪಾಠವೇ. ದಿನಾ, ತಾಳ್ಮೆಯಿಂದ, ತಿಂಗಳುಗಟ್ಟಲೆ. ಮೇಲಾಗಿ ಮರಿಯ ಮೂಳೆ ಬಲಿಯಲು ಒಂದು ವರ್ಷದ ಮೇಲೆ ಬೇಕು. ಅಲ್ಲಿಯವರೆಗೆ ಅದನ್ನು ದೂರ ಓಡಿಸುವ ಹಾಗೇ ಇಲ್ಲ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಜಾತಿ ನೋಡಿ ಒಂದು ನಾಯಿಯ ಸ್ವಭಾವ ಪೂರ್ತಿ ಹೇಳಲು ಬರುವುದಿಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಅಧ್ಯಯನವೊಂದು ಬಂತು. ನಾಯಿಯಿಂದ ನಾಯಿಗೆ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ಜಾತಿಯ ಪಾಲು ಸುಮಾರು ಶೇ 9 ಮಾತ್ರ ಎಂದು ಅದು ಹೇಳಿತು. ನಿಮ್ಮ ಮರಿ ದೊಡ್ಡದಾಗಿ ಸೋಫಾ ಕೆಳಗೆ ಮಲಗುವ ಸಾಧು ನಾಯಿಯೂ ಆಗಬಹುದು. ಆದರೆ ಈ ಮರಿಯ ಬಗ್ಗೆ ನಮಗೆ ಗೊತ್ತಿರುವುದು ಜಾತಿ ಒಂದೇ ಅಲ್ಲ. ಅದರ ತಂದೆ, ತಾಯಿ ಏನು ಮಾಡುತ್ತವೆ ಎಂದೂ ಗೊತ್ತು. 6 ವಾರದಲ್ಲಿ ಮರಿಯ ಮುಖ ನೋಡಿ ಮುಂದಿನದನ್ನು ಹೇಳುವುದು ಅನುಭವಸ್ಥರಿಗೂ ಕಷ್ಟ. ತಪ್ಪಾದರೆ ಅದರ ಪರಿಣಾಮ ಬೀಳುವುದು 4 ವರ್ಷದ ಮಗುವಿನ ಮೇಲೆ, ಮತ್ತು ಆ ನಾಯಿಯ ಮೇಲೆ.

ಹಗಲಿನ ವಿಷಯವೂ ಇದೆ. 2 ತಿಂಗಳ ಮರಿ ಎರಡು ಗಂಟೆಗಿಂತ ಜಾಸ್ತಿ ಮೂತ್ರ ತಡೆದುಕೊಳ್ಳಲಾರದು. ನೀವಿಬ್ಬರೂ ಹೊರಗೆ. ಮರಿಯನ್ನು ಅಂಗಳಕ್ಕೆ ಎತ್ತಿಕೊಂಡು ಹೋಗುವುದು, ಒರೆಸುವುದು, ಕಾಲಿಗೆ ಅಡ್ಡ ಬಂದಾಗ ತಪ್ಪಿಸಿಕೊಳ್ಳುವುದು ಎಲ್ಲವೂ ಮಂಡಿ ನೋವಿನ ಅತ್ತೆಯ ಪಾಲಿಗೆ. ಅವರು ಒಮ್ಮೆ ಮರಿಗೆ ಎಡವಿ ಬಿದ್ದರೆ ಏನು ಗತಿ? ಅವರನ್ನು ಯಾರಾದರೂ ಕೇಳಿದ್ದೀರಾ? ಪತ್ರದಲ್ಲಿ ಅವರ ಅಭಿಪ್ರಾಯ ಕಾಣಲಿಲ್ಲ. ಇವತ್ತೇ ಕೇಳಿ.

ನೀವು ಬೇಡ ಎಂದು ಕೆಟ್ಟವರಾಗಬೇಕಾಗಿಲ್ಲ. ಉಳಿದ ಎರಡು ವಾರವನ್ನು ಹೀಗೆ ಬಳಸಿ. ಮರಿ ಬಂದಿದೆ ಎಂದೇ ಅಂದುಕೊಂಡು ಮನೆ ನಡೆಸಿ. ಬೆಳಗ್ಗೆ 6ಕ್ಕೆ ನಿಮ್ಮ ಯಜಮಾನರು ಎದ್ದು ಹೊರಗೆ ಹೋಗಬೇಕು. ಮಧ್ಯಾಹ್ನ ಇಬ್ಬರಲ್ಲಿ ಒಬ್ಬರು ಮನೆಗೆ ಬಂದು ಹೋಗಬೇಕು. ಸಂಜೆ ಬಂದ ಮೇಲೆ ಮುಕ್ಕಾಲು ಗಂಟೆ ಫೋನ್ ಬದಿಗಿಟ್ಟು ಅಂಗಳದಲ್ಲಿ ಇರಬೇಕು. ರಾತ್ರಿ ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ಅಲಾರಂ ಇಟ್ಟು ಇನ್ನೊಮ್ಮೆ ಏಳಬೇಕು. ಮಳೆ ಬಂದರೂ, ಜ್ವರ ಬಂದರೂ. ಮಗ ನೀರಿನ ಬಟ್ಟಲು ತೊಳೆದು ತುಂಬಿಸಲಿ. ಯಾರು ಯಾವ ದಿನ ಏನು ಮಾಡಿದರು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನೀವು ಮಾತ್ರ ಇನ್ನೊಬ್ಬರ ಪಾಳಿ ತೆಗೆದುಕೊಳ್ಳಬೇಡಿ. ಎಷ್ಟೇ ಕನಿಕರ ಬಂದರೂ ಬೇಡ. ಇದು ಯಾರನ್ನೂ ಸೋಲಿಸುವ ಪಂದ್ಯ ಅಲ್ಲ ಎಂದು ಮೊದಲೇ ಹೇಳಿ. ಈ ನಾಯಿಗಳು ಸಾಮಾನ್ಯವಾಗಿ 12ರಿಂದ 15 ವರ್ಷ ಬದುಕುತ್ತವೆ. ನಿಮ್ಮ ಮಗ ಓದು ಮುಗಿಸಿ ಮನೆ ಬಿಟ್ಟು ಹೊರಡುವ ವಯಸ್ಸಾಗುತ್ತದೆ, ನಾಯಿ ಇನ್ನೂ ಬಾಗಿಲಲ್ಲೇ ಇರುತ್ತದೆ. ಎರಡು ವಾರ ನಡೆಯದ ದಿನಚರಿ ಅಷ್ಟು ವರ್ಷ ನಡೆಯುವುದಿಲ್ಲ.

ಒಂದು ವೇಳೆ ಕ್ಯಾಲೆಂಡರ್ ಪೂರ್ತಿ ತುಂಬಿದರೆ? ನಿಮ್ಮ ಯಜಮಾನರು ಒಂದು ದಿನವೂ ತಪ್ಪಿಸದಿದ್ದರೆ? ಆಗ ನನ್ನ ಅಭಿಪ್ರಾಯವನ್ನು ನಾನು ಬದಲಿಸಿಕೊಳ್ಳುತ್ತೇನೆ. ಆದರೂ ಮರಿಗೆ 8 ವಾರ ತುಂಬುವ ಮುಂಚೆ ತಾಯಿಯಿಂದ ಬಿಡಿಸಬೇಡಿ. ಸೊಂಟದ ಕೀಲು, ಕಣ್ಣು ಈ ಜಾತಿಯಲ್ಲಿ ತೊಂದರೆ ಕೊಡುವುದುಂಟು. ತಾಯಿ, ತಂದೆಗೆ ಆ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಸುಮಾರು 14 ವಾರದವರೆಗೆ ನೋಡಿದ್ದು, ಕೇಳಿದ್ದು ಮರಿಯ ಮನಸ್ಸಿನಲ್ಲಿ ಆಳವಾಗಿ ಉಳಿಯುತ್ತದೆ. ಆ ಕೆಲವು ವಾರ ಒಬ್ಬರಾದರೂ ರಜೆ ಹಾಕಿ ಅದರ ಜೊತೆ ಇರಬೇಕು. ಮಗಳು ಮತ್ತು ನಾಯಿ ಇಬ್ಬರನ್ನೇ ಬಿಟ್ಟು ಪಕ್ಕದ ಕೋಣೆಗೂ ಹೋಗಬೇಡಿ. ನಡುವೆ ಒಂದು ಸಣ್ಣ ಗೇಟು ಹಾಕಿಸಿ. ಮಕ್ಕಳ ಜೊತೆ ಓಡುವ ಆಟದ ಬದಲು, ಬಟ್ಟೆಯಲ್ಲಿ ಸುತ್ತಿಟ್ಟ ತಿಂಡಿಯನ್ನು ವಾಸನೆ ಹಿಡಿದು ಹುಡುಕುವ ಆಟ ಕಲಿಸಿ.

ಕ್ಯಾಲೆಂಡರಿನಲ್ಲಿ ಖಾಲಿ ಜಾಗ ಉಳಿದರೆ, ಆ ಗೆಳೆಯರನ್ನು ಇನ್ನೊಂದು ವಿಷಯ ಕೇಳಿ ನೋಡಿ. ಕುರಿ ಸಾಕುವವರ ಹತ್ತಿರ ಕೆಲವೊಮ್ಮೆ ಕುರಿ ಕಂಡರೆ ಆಸಕ್ತಿಯೇ ಇಲ್ಲದ ದೊಡ್ಡ ನಾಯಿ ಇರುತ್ತದೆ. ಎರಡು, ಮೂರು ವರ್ಷ ಕಲಿಸಿದರೂ ಮಂದೆಯ ಕಡೆ ತಿರುಗಿ ನೋಡದ ನಾಯಿ. ಅವರಿಗೆ ಅದು ಉಪಯೋಗವಿಲ್ಲ, ನಿಮಗೆ ಅದೇ ಸರಿಹೋಗಬಹುದು. ದೊಡ್ಡ ನಾಯಿಯ ಸ್ವಭಾವ ಕಣ್ಣೆದುರೇ ಇರುತ್ತದೆ. ಮಗಳನ್ನು ಕರೆದುಕೊಂಡು ಹೋಗಿ, ಅವಳು ಓಡಿದಾಗ ಅದು ಏನು ಮಾಡುತ್ತದೆ ಎಂದು ದೂರದಿಂದ ನೋಡಿ. ನಾಯಿ ಹಗ್ಗದಲ್ಲಿರಲಿ, ಹಗ್ಗ ಗೆಳೆಯರ ಕೈಯಲ್ಲಿರಲಿ. ನಾಯಿಗಳ ಆಶ್ರಯತಾಣದಲ್ಲೂ ಹೀಗೇ ನೋಡಿ ತರಬಹುದು. ಮಕ್ಕಳಿರುವ ಮನೆಗೆ ಎಳೆ ಮರಿಯೇ ಬೇಕು ಎಂಬ ನಂಬಿಕೆ ಎಲ್ಲಿಂದ ಬಂತೋ. ನನ್ನ ಅನುಭವದಲ್ಲಿ ಮೂರು ವರ್ಷದ ಸಮಾಧಾನದ ನಾಯಿಗೆ ಸಮವಿಲ್ಲ.

ಮಗನಿಗೆ ಹೇಳುವ ಕೆಲಸ ಅವನ ಅಪ್ಪ ಮಾಡಲಿ. ಆಸೆ ಹುಟ್ಟಿಸಿದವರಲ್ಲಿ ಅವರೂ ಇದ್ದಾರೆ. 'ಅಮ್ಮ ಬೇಡ ಅಂದಳು' ಎನ್ನಬಾರದು. 'ಆ ಮರಿಗೆ ಬೇಕಾದಷ್ಟು ಸಮಯ ನಮ್ಮ ಹತ್ತಿರ ಇಲ್ಲ, ನಾನು ಮೊದಲೇ ಯೋಚಿಸಬೇಕಿತ್ತು' ಎನ್ನಲಿ. ಅವನು ಅಳುತ್ತಾನೆ, ಅಳಲಿ. 8 ವರ್ಷದ ಹುಡುಗನಿಗೆ ಆ ದುಃಖ ನಿಜವಾದದ್ದು. ಬೇರೆ ಆಟಿಕೆ ಕೊಟ್ಟು ಬಾಯಿ ಮುಚ್ಚಿಸಬೇಡಿ.

ದಿನಚರಿ ನಡೆಯುವುದಿಲ್ಲ ಎಂದು ಖಚಿತವಾದ ಕೂಡಲೇ, ಗೆಳೆಯರನ್ನು ಕೊನೇ ದಿನದವರೆಗೆ ಕಾಯಿಸದೆ ಹೇಳಿಬಿಡಿ. ಬೇಗ ಗೊತ್ತಾದರೆ ಮಂದೆ ಇರುವ ಇನ್ನೊಬ್ಬರನ್ನು ಹುಡುಕಲು ಅವರಿಗೆ ಸಮಯ ಸಿಗುತ್ತದೆ. ಮರಿ ಎಲ್ಲಿಗೆ ಹೋಯಿತು ಎಂದು ಕೇಳಿಟ್ಟುಕೊಳ್ಳಿ. ಒಂದೂವರೆ ವರ್ಷ ಬಿಟ್ಟು, ಅದು ಮೊದಲ ಸಲ ಗುಡ್ಡದಿಂದ ಕುರಿ ಇಳಿಸುವುದನ್ನು ನೋಡಲು ಮಗನನ್ನು ಕರೆದುಕೊಂಡು ಹೋಗಿ.