ರಕ್ಷಣೆ ಹೊಂದಿದ ದಿನ ಯಾವುದು?

ಪುಣೆಯ ಕನ್ನಡಿಗ ಕ್ರೈಸ್ತ ಕುಟುಂಬಗಳಿಂದ ಒಂದೇ ಬಗೆಯ ಸಂಕಟ ಹೊತ್ತವರು ಸಲಹೆ ಕೇಳಿ ನನ್ನ ಬಳಿಗೆ ಮೇಲಿಂದ ಮೇಲೆ ಬರುತ್ತಿದ್ದಾರೆ. ಹಾಗಾಗಿ ಅವರಲ್ಲಿ ಒಬ್ಬ ಮಹಿಳೆಯ ಪ್ರಕರಣವನ್ನು ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ವಯಸ್ಸು ಮೂವತ್ತರ ಆಸುಪಾಸು. ತವರು ಗದಗದ ಕಡೆ. ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟೆಂಟ್ ಸಭೆಯಲ್ಲಿ ಹಸುಗೂಸಾಗಿದ್ದಾಗಲೇ ದೀಕ್ಷಾಸ್ನಾನವಾಗಿತ್ತು. ಗಂಡನ ಮನೆಯವರು ಮೆಥಡಿಸ್ಟರು, ಅಂದರೆ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿಯ ಪರಂಪರೆಯವರು. ಪಿಂಪ್ರಿಗೆ ಬಂದ ಮೇಲೆ ಪ್ರಾರ್ಥನಾ ಕೂಟವೊಂದರಲ್ಲಿ ಯಾರೋ ಕೇಳಿದರು: "ಸಿಸ್ಟರ್, ನೀವು ರಕ್ಷಣೆ ಹೊಂದಿದ ದಿನ ಯಾವುದು?" ಯೇಸುವನ್ನು ನಂಬಿ ಪಾಪದಿಂದ ಬಿಡುಗಡೆ ಹೊಂದಿದ ದಿನ ಎಂದರ್ಥ. ಆಕೆಗೆ ಉತ್ತರ ತೋಚಲಿಲ್ಲ. ಅಂದಿನಿಂದ ನಿದ್ದೆ ಹಾರಿಹೋಯಿತು.

ಮೂರನೆಯ ಭೇಟಿಯಲ್ಲಿ ಆಕೆ ಕೈಚೀಲದಿಂದ ಪುಟ್ಟ ಡೈರಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಪುಟದ ತುಂಬ ತಾರೀಖುಗಳು, ಪಕ್ಕದಲ್ಲಿ ಹೊತ್ತು: ರಾತ್ರಿ 2.20, ಬೆಳಗಿನ ಜಾವ 4.05. ಯೇಸುವನ್ನು ರಕ್ಷಕನೆಂದು ಒಪ್ಪಿಕೊಂಡು ಪ್ರಾರ್ಥಿಸಿದ ಗಳಿಗೆಗಳು. ಪ್ರತಿಯೊಂದರ ಮೇಲೂ ಅಡ್ಡಗೆರೆ. ಕೆಲವೆಡೆ ಪೆನ್ನಿನ ಮೊನೆ ಕಾಗದವನ್ನೇ ಸೀಳಿತ್ತು. "ಹೇಳುವಾಗ ಮನಸ್ಸು ಎಲ್ಲೋ ಇತ್ತು, ಅದು ಲೆಕ್ಕಕ್ಕಿಲ್ಲ" ಎಂದರು. ಆಮೇಲೆ, "ಮೇಡಂ, ನೀವಾದರೂ ಹೇಳಿ, ನನಗೆ ರಕ್ಷಣೆ ಆಗಿದೆಯೇ?"

ನಾನೂ ನಂಬಿಕೆಯುಳ್ಳವಳು. ಹೌದು ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ. "ಇಷ್ಟು ಸಣ್ಣ ಮಾತು ಹೇಳಲು ನಿಮಗೇನು ಕಷ್ಟ?" ಎಂದು ಆಕೆ ಸಿಟ್ಟಾದರು. ಬೇರೆಯವರು ಹೌದು ಎಂದಾಗ ಏನಾಗುತ್ತದೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಮೊದಲ ಸಲ ಪಾಸ್ಟರ್ ಹೇಳಿದಾಗ ಎರಡು ದಿನ ನೆಮ್ಮದಿಯಾಗಿದ್ದೆ. ಆಮೇಲೆ ಅರ್ಧ ದಿನ. ಈಗ ಅವರ ಮೆಟ್ಟಿಲು ಇಳಿಯುವಷ್ಟರಲ್ಲಿ ಮತ್ತೆ ಶುರುವಾಗುತ್ತದೆ."

ನನಗೆ ದಾರಿ ಕಂಡದ್ದು ಆ ಮಾತಿನಿಂದ. ಇದು ಗೀಳು ಕಾಯಿಲೆಯ ನಡೆ. ಕೈ ತೊಳೆದಷ್ಟೂ ಕೊಳೆ ಉಳಿದಿದೆ ಎನಿಸುವವರಂತೆ, ಇಲ್ಲಿ ಭರವಸೆ ಸಿಕ್ಕಷ್ಟೂ ಅನುಮಾನ ಹಸಿಯುತ್ತದೆ. ಪಾಪಭೀತಿಯ ವೇಷ ತೊಟ್ಟು ಬರುವುದರಿಂದ ಮನೆಯವರಿಗೆ ಭಕ್ತಿಯಂತೆಯೇ ಕಾಣುತ್ತದೆ.

"ವೆಸ್ಲಿಗೂ ಗಳಿಗೆ ಗೊತ್ತಿತ್ತಲ್ಲ?" ಎಂದರು. ನಿಜ. 1738ರ ಮೇ 24ರ ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇರುವಾಗ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ ತಮ್ಮ ಹೃದಯ ಬೆಚ್ಚಗಾಯಿತೆಂದು ಜಾನ್ ವೆಸ್ಲಿ ಬರೆದಿಟ್ಟಿದ್ದಾರೆ. ಆದರೆ ಅದೇ ವೆಸ್ಲಿ 1766ರಲ್ಲಿ ತಮ್ಮನಾದ ಚಾರ್ಲ್ಸ್‌ಗೆ ಬರೆದ ಪತ್ರದಲ್ಲಿ, ತಾನು ದೇವರನ್ನು ಎಂದೂ ಪ್ರೀತಿಸಿಲ್ಲ, ನಂಬಿಯೂ ಇಲ್ಲ ಎಂದು ತೋಡಿಕೊಂಡಿದ್ದಾರೆ. ಆಮೇಲೂ ಸುವಾರ್ತೆ ಸಾರುತ್ತಲೇ ಹೋದರು. ಇದನ್ನು ಆಕೆಗೆ ಒಂದೇ ಸಲ ಹೇಳಿದೆ. ಎರಡನೆಯ ಸಲ ಹೇಳಿದ್ದರೆ ಅದೂ ಡೈರಿಯ ಇನ್ನೊಂದು ಸಾಲಾಗುತ್ತಿತ್ತು.

ನನ್ನ ಸಲಹೆ ಇಷ್ಟು: ಮನೋವೈದ್ಯರನ್ನು ಕಾಣಬೇಕು. ಭಾನುವಾರದ ಆರಾಧನೆ ಬಿಡಬಾರದು. ಡೈರಿಗೆ ಹೊಸ ತಾರೀಖು ಸೇರಬಾರದು. ಪ್ರಶ್ನೆ ಎದ್ದಾಗ ಉತ್ತರ ಹುಡುಕದೆ ಅದನ್ನು ಹಾಗೆಯೇ ಇರಗೊಡಬೇಕು. ಗಂಡ ಹೌದು, ಇಲ್ಲ ಎರಡೂ ಹೇಳದೆ "ಇದರ ಬಗ್ಗೆ ಆಗಲೇ ಮಾತಾಡಿದ್ದೇವೆ" ಎಂದಷ್ಟೇ ಹೇಳಿ ಪಕ್ಕದಲ್ಲಿ ಕುಳಿತುಕೊಳ್ಳಬೇಕು.

ಕೂಟದ ಹಿರಿಯರೊಬ್ಬರು ಫೋನ್ ಮಾಡಿ, ಒಂದು ಆತ್ಮಕ್ಕೆ ಸಿಗಬೇಕಾದ ನಿಶ್ಚಯವನ್ನು ನಾನು ತಡೆಯುತ್ತಿದ್ದೇನೆ ಎಂದರು. ಆ ಮಾತು ನನಗೆ ನೋವು ತಂದಿತು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಕೃಪೆ ಹೊಂದಿದ್ದೇನೆಂದು ತಪ್ಪಿಲ್ಲದ ನಿಶ್ಚಯದಿಂದ ಯಾರೂ ಅರಿಯಲಾರರು ಎಂದಿತು 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ. ದೇವರು ಆರಿಸಿಕೊಂಡವರು ಕೊನೆಗೂ ಕೈತಪ್ಪಿ ಹೋಗುವುದಿಲ್ಲ ಎಂದಿತು ನೆದರ್ಲೆಂಡ್ಸ್‌ನಲ್ಲಿ ಸೇರಿದ ಪ್ರೊಟೆಸ್ಟೆಂಟರ 1618–19ರ ಡಾರ್ಟ್ ಸಭೆ. ನಂಬಿದವನೂ ಜಾರಿ ಬೀಳಬಹುದು ಎಂದರು ವೆಸ್ಲಿ. ಈ ಭೇದಗಳು ಹಗುರವಲ್ಲ, ನಾನು ಅವನ್ನು ಅಳಿಸಹೊರಟಿಲ್ಲ. ಆದರೆ ಇವರಲ್ಲಿ ಯಾರೂ ತಾರೀಖನ್ನು ರಕ್ಷಣೆಯ ಷರತ್ತಾಗಿಸಲಿಲ್ಲ. ಕೂಟಗಳಲ್ಲಿ ಈ ಪ್ರಶ್ನೆ ಕೇಳುವವರು, ಎದುರಿಗಿರುವವರು ಅದನ್ನು ಮನೆಗೆ ಹೊತ್ತೊಯ್ದು ರಾತ್ರಿಯಿಡೀ ಏನು ಮಾಡುತ್ತಾರೆಂದು ದಯವಿಟ್ಟು ಯೋಚಿಸಿ.

ಔಷಧಿ, ಭೇಟಿ ಎರಡೂ ಐದು ತಿಂಗಳಿಂದ ನಡೆಯುತ್ತಿವೆ. ಕಳೆದ ವಾರ ಆಕೆ ಹೇಳಿದರು: "ಮೊನ್ನೆ ರಾತ್ರಿ ಪ್ರಶ್ನೆ ಬಂದಿತ್ತು ಮೇಡಂ. ಭಯವೂ ಆಯಿತು. ಎದ್ದು ದೀಪ ಹಾಕಲಿಲ್ಲ."