ಬ್ರಹ್ಮಗಿರಿಯ ಮಣ್ಣಿನಡಿ ಮೂರು ಕಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಪ್ರಾಚೀನ ನಾಗರಿಕತೆಗಳ ಪಾಠದಲ್ಲಿ ಬರುವ ಪದಗಳ ಬಗ್ಗೆ. ಈಜಿಪ್ಟು, ಸುಮೇರ್ ಹೆಸರು ಕೇಳಿ ಕೇಳಿ ಈ ವಿಷಯ ನಮ್ಮದಲ್ಲ ಅಂತ ಅನೇಕರಿಗೆ ಅನಿಸಿಬಿಟ್ಟಿದೆ. ಆದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಮತ್ತು ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿ ಪುರಾತತ್ವ ಶಾಸ್ತ್ರದ ಪುಸ್ತಕಗಳಲ್ಲಿ ದೊಡ್ಡ ಹೆಸರುಗಳು. ಹಾಗಾಗಿ ಆದಷ್ಟೂ ಇಲ್ಲಿನ ಉದಾಹರಣೆ ಇಟ್ಟುಕೊಂಡೇ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಪುಸ್ತಕದಲ್ಲಿ ಹರಪ್ಪವನ್ನು ‘ನಾಗರಿಕತೆ’ ಅಂತಾರೆ. ಬ್ರಹ್ಮಗಿರಿಯನ್ನು ಬರೀ ‘ಸಂಸ್ಕೃತಿ’ ಅಂತಾರೆ. ಹಾಗಾದರೆ ನಮ್ಮ ಕಡೆಯ ಜನ ಹಿಂದುಳಿದಿದ್ದರಾ? (ಪಿಯುಸಿ ವಿದ್ಯಾರ್ಥಿನಿ, ಚಳ್ಳಕೆರೆ)

ಇಲ್ಲಮ್ಮ, ಹಾಗೆ ಓದಿಕೊಳ್ಳಬೇಡಿ. ಒಂದೇ ಬಗೆಯ ಮಡಕೆ, ಒಂದೇ ಬಗೆಯ ಹತಾರ, ಮನೆ ಕಟ್ಟುವ ಕ್ರಮ, ಹೆಣ ಹೂಳುವ ಕ್ರಮ ಇವೆಲ್ಲ ಹಲವು ಊರುಗಳಲ್ಲಿ ಜೊತೆಜೊತೆಯಾಗಿ ಸಿಕ್ಕರೆ ಪುರಾತತ್ವದವರು ಅದನ್ನು ಒಂದು ಸಂಸ್ಕೃತಿ ಎಂದು ಗುರುತಿಸುತ್ತಾರೆ. ನಗರಗಳು ಹುಟ್ಟಿಕೊಂಡ ಸಮಾಜಕ್ಕೆ ನಾಗರಿಕತೆ ಎನ್ನುತ್ತಾರೆ. ಗೊರ್ಡನ್ ಚೈಲ್ಡ್ ಎಂಬ ವಿದ್ವಾಂಸ 1950ರಲ್ಲಿ ಇದಕ್ಕೆ ಹತ್ತು ಲಕ್ಷಣಗಳನ್ನು ಹೇಳಿದರು. ದೊಡ್ಡ ಜನವಸತಿ, ಬೇಸಾಯ ಬಿಟ್ಟು ಬೇರೆ ಕಸುಬನ್ನೇ ನಂಬಿದ ಜನ, ತೆರಿಗೆಯಾಗಿ ಒಂದೆಡೆ ಸೇರುವ ಧಾನ್ಯ, ದೊಡ್ಡ ಸಾರ್ವಜನಿಕ ಕಟ್ಟಡ, ಬರವಣಿಗೆ, ದೂರದ ವ್ಯಾಪಾರ, ಆಳುವ ವರ್ಗ, ಹೀಗೆ ಸಾಗುತ್ತದೆ ಆ ಪಟ್ಟಿ.

ಇವೆಲ್ಲಕ್ಕೂ ಬೇರು ‘ಹೆಚ್ಚುವರಿ’. ರೈತ ತನ್ನ ಮನೆಗೆ ಬೇಕಾದ್ದಕ್ಕಿಂತ ಜಾಸ್ತಿ ಬೆಳೆದರೆ ಮಾತ್ರ ಕುಂಬಾರನೂ ಪೂಜಾರಿಯೂ ಲೆಕ್ಕ ಬರೆಯುವವನೂ ಊಟ ಮಾಡಬಹುದು. ಮೆಸೊಪೊಟೇಮಿಯದ ಉರುಕ್ ನಗರದಲ್ಲಿ ಸಿಕ್ಕ, ಸುಮಾರು ಕ್ರಿ.ಪೂ. 3200ರ ಜೇಡಿಮಣ್ಣಿನ ಬರಹಗಳನ್ನೇ ನೋಡಿ. ಜಗತ್ತಿನ ಅತಿ ಹಳೆಯ ಬರವಣಿಗೆಗಳಲ್ಲಿ ಅವೂ ಸೇರಿವೆ. ಅವುಗಳಲ್ಲಿ ಹೆಚ್ಚಿನವು ಕಾವ್ಯವಲ್ಲ, ಧಾನ್ಯ, ಕುರಿ, ಬಿಯರ್‌ಗಳ ಲೆಕ್ಕ.

ಇನ್ನು ಕಾಲ ಹೋಲಿಸಿ ನೋಡಿ. ಹರಪ್ಪದ ನಗರಗಳು ಮೆರೆದದ್ದು ಸುಮಾರು ಕ್ರಿ.ಪೂ. 2600ರಿಂದ 1900ರವರೆಗೆ. ದಕ್ಷಿಣದ ಹೊಸ ಶಿಲಾಯುಗ ಸುಮಾರು ಕ್ರಿ.ಪೂ. 3000ಕ್ಕೇ ಶುರುವಾಗಿತ್ತು. ಮೊಹೆಂಜೊದಾರೊದಲ್ಲಿ ಸುಟ್ಟ ಇಟ್ಟಿಗೆಯ ಚರಂಡಿ ಕಟ್ಟುತ್ತಿದ್ದಾಗ ನಮ್ಮ ಬಯಲುಸೀಮೆಯ ಜನ ದನ ಸಾಕುತ್ತಿದ್ದರು. ಕಪ್ಪು ಕಲ್ಲನ್ನು ಉಜ್ಜಿ ನಯಮಾಡಿ ಕೊಡಲಿ ಮಾಡುತ್ತಿದ್ದರು. ಬಳ್ಳಾರಿ ಕಡೆ ಕುಡತಿನಿಯಲ್ಲಿರುವ ಬೂದಿದಿಬ್ಬ ಅವರದೇ ಕಾಲದ್ದು. ವರ್ಷಾನುಗಟ್ಟಲೆ ಸೇರಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಅಷ್ಟು ಬೂದಿ ಬಿದ್ದಿದೆ. ಇಂಥದೇ ದಿಬ್ಬವಿರುವ, ಈಗ ತೆಲಂಗಾಣಕ್ಕೆ ಸೇರಿದ ಉತ್ನೂರಿನಲ್ಲಿ 1957ರಲ್ಲಿ ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು! ಅವರು ಬೆಳೆದದ್ದೇನು ಗೊತ್ತಾ? ಕೊರಲೆ, ಹುರುಳಿ, ಹೆಸರು. ಗೋಧಿ, ಬಾರ್ಲಿ ಉತ್ತರದಿಂದ ಬಂದವು, ರಾಗಿ ಆಮೇಲೆ ಆಫ್ರಿಕಾದಿಂದ ಬಂತು. ಆದರೆ ನಮ್ಮ ಒಣ ಹೊಲದ ಕೊರಲೆ, ಹುರುಳಿಗಳನ್ನು ಈ ನೆಲದ ಜನರೇ ಪಳಗಿಸಿದರು. ಇದು ಸಣ್ಣ ಸಾಧನೆಯಲ್ಲ.

ಅಂದ ಹಾಗೆ, ದಕ್ಷಿಣ ಅಮೆರಿಕದ ಇಂಕಾ ಜನಕ್ಕೆ ಲಿಪಿಯೇ ಇರಲಿಲ್ಲ. ದಾರಕ್ಕೆ ಗಂಟು ಹಾಕಿ ಲೆಕ್ಕ ಇಡುತ್ತಿದ್ದರು. ಆದರೂ ಅವರದು ನಾಗರಿಕತೆ ಅಲ್ಲ ಅಂತ ಯಾರೂ ಹೇಳುವುದಿಲ್ಲ. ಚೈಲ್ಡ್ ಪಟ್ಟಿ ಒಂದು ಸಮಾಜವನ್ನು ಅರ್ಥ ಮಾಡಿಕೊಳ್ಳಲು ಒಳ್ಳೆಯ ದಾರಿ. ಅದನ್ನು ಹಿಡಿದು ಯಾರಿಗೂ ಅಂಕ ಕೊಡಬೇಡಿ.

ಪ್ರಶ್ನೆ: ನೆಲದಡಿ ಇಷ್ಟು ಅಡಿ ಆಳದಲ್ಲಿ ಸಿಕ್ಕಿತು, ಆದ್ದರಿಂದ ಇಷ್ಟು ವರ್ಷ ಹಳೆಯದು ಅಂತಾರಲ್ಲ, ಅದು ಹೇಗೆ ಗೊತ್ತಾಗುತ್ತೆ? ‘ಸ್ತರ’ ಅಂದರೆ ಏನು? (ಬ್ಯಾಂಕ್ ಉದ್ಯೋಗಿ, ದಾವಣಗೆರೆ)

ಬರೀ ಆಳದಿಂದ ವಯಸ್ಸು ಗೊತ್ತಾಗುವುದಿಲ್ಲ. ಒಂದು ಕಡೆ ಮೂರಡಿ ಮಣ್ಣು ಸೇರಲು ಸಾವಿರ ವರ್ಷ ಬೇಕಾಗಬಹುದು, ಇನ್ನೊಂದು ಕಡೆ ಒಂದೇ ಪ್ರವಾಹ ಸಾಕು. ನೋಡಬೇಕಾದದ್ದು ಪದರವನ್ನು. ಹಳ್ಳಿಯ ತಿಪ್ಪೆ ನೆನಪಿಸಿಕೊಳ್ಳಿ. ಮೊನ್ನೆಯ ಬೂದಿ ಕೆಳಗೆ, ನಿನ್ನೆಯ ಕಸ ಅದರ ಮೇಲೆ. ಜನ ಬದುಕಿದ ಜಾಗದಲ್ಲೂ ಹೀಗೆಯೇ ಬಿದ್ದ ಗೋಡೆ, ಒಲೆಯ ಬೂದಿ, ಒಡೆದ ಮಡಕೆ, ಮೆಟ್ಟಿ ಗಟ್ಟಿಯಾದ ನೆಲ ಒಂದರ ಮೇಲೊಂದು ಕೂರುತ್ತವೆ. ಬಣ್ಣ, ಗಡಸುತನ, ಒಳಗಿನ ವಸ್ತು ನೋಡಿ ಒಂದೊಂದನ್ನೂ ಬೇರೆ ಮಾಡುತ್ತಾರೆ. ಆ ಒಂದೊಂದು ಪದರವೇ ಸ್ತರ.

ಈ ಕೆಲಸವನ್ನು ದಕ್ಷಿಣ ಭಾರತದಲ್ಲಿ ಶಿಸ್ತಿನಿಂದ ಮಾಡಿ ತೋರಿಸಿದ ಜಾಗ ಬ್ರಹ್ಮಗಿರಿ. ಆಗ ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿ ಎರಡನ್ನೂ ಅಗೆಸಿದರು. ಅವರಿಗೂ ಮೊದಲೇ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಈ ಎರಡೂ ಕಡೆ ಉತ್ಖನನ ಮಾಡಿದ್ದರು. ವೀಲರ್ ಹೆಸರು ಹೇಳುವಾಗ ಕೃಷ್ಣ ಅವರನ್ನು ಮರೆಯುವುದು ನ್ಯಾಯವಲ್ಲ.

ವೀಲರ್ ಗುಂಡಿಗಳ ನಡುವೆ ಅಗೆಯದ ಮಣ್ಣಿನ ಗೋಡೆಗಳನ್ನು ಹಾಗೇ ಉಳಿಸುತ್ತಿದ್ದರು. ಆ ಗೋಡೆಯ ಮೈಮೇಲೆ ಪದರಗಳೆಲ್ಲ ಕಣ್ಣಿಗೆ ಕಾಣುತ್ತವೆ, ಅವುಗಳ ನಕ್ಷೆ ಬರೆಯಬಹುದು. ಬ್ರಹ್ಮಗಿರಿಯಲ್ಲಿ ಹೀಗೆ ಮೂರು ಕಾಲ ಕಂಡವು. ತಳದಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿ, ಕೈಯಲ್ಲೇ ಮಾಡಿದ ಬೂದುಬಣ್ಣದ ಮಡಕೆ. ಸತ್ತ ಎಳೆಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದದ್ದೂ ಈ ಕಾಲದ್ದೇ. ಅದರ ಮೇಲೆ ಕಬ್ಬಿಣ, ಕಪ್ಪು-ಕೆಂಪು ಮಡಕೆ, ದೊಡ್ಡ ಕಲ್ಲಿನ ಸಮಾಧಿ ಕಟ್ಟಿದವರ ಕಾಲ. ಮೇಲ್ಗಡೆ ಶಾತವಾಹನರ ಕಾಲ.

ಇಷ್ಟರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದಷ್ಟೇ ತಿಳಿಯಿತು. ಇದಕ್ಕೆ ಸಾಪೇಕ್ಷ ಕಾಲನಿರ್ಣಯ ಎನ್ನುತ್ತಾರೆ. ಇಸವಿ ಹೇಳಲು ಬೇರೆ ಆಧಾರ ಬೇಕು. ವೀಲರ್‌ಗೆ ಆ ಆಧಾರ ಸಿಕ್ಕಿದ್ದು ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ. 1945ರಲ್ಲಿ ಅಲ್ಲಿ ಅಗೆದಾಗ ಇಟಲಿಯಿಂದ ಬಂದ ಮಡಕೆಗಳ ಜೊತೆ, ಒಳತಳದಲ್ಲಿ ಸಣ್ಣ ಚುಕ್ಕೆಗಳ ಉಂಗುರವಿರುವ ಒಂದು ಬಗೆಯ ತಟ್ಟೆ ಸಿಕ್ಕಿತ್ತು. ಇಟಲಿಯ ಮಡಕೆಯ ಕಾಲ ಗೊತ್ತಿತ್ತು, ಹಾಗಾಗಿ ತಟ್ಟೆಯ ಕಾಲವೂ ಗೊತ್ತಾಯಿತು. ಅದೇ ಬಗೆಯ ತಟ್ಟೆಯ ಚೂರು ಬ್ರಹ್ಮಗಿರಿಯ ಮೇಲಿನ ಸ್ತರದಲ್ಲೂ ಬಂತು. ಅಲ್ಲಿಗೆ ಮೇಲಿನ ಸ್ತರಕ್ಕೆ ಕ್ರಿ.ಶ. 1ನೇ ಶತಮಾನದ ಗುರುತು ಬಿತ್ತು. ಚಂದ್ರವಳ್ಳಿಯಲ್ಲೂ ರೋಮ್‌ನ ಬೆಳ್ಳಿ ನಾಣ್ಯ, ಶಾತವಾಹನರ ನಾಣ್ಯ ಸಿಕ್ಕಿವೆ.

ಅಲ್ಲಿಂದ ಕೆಳಕ್ಕೆ ವೀಲರ್ ಅಂದಾಜು ಮಾಡಬೇಕಾಯಿತು. ಕಲ್ಲುಕೊಡಲಿಯ ಜನ ಕ್ರಿ.ಪೂ. 1000ದ ಆಚೀಚೆ ಶುರುವಾಗಿ, ಕ್ರಿ.ಪೂ. 2ನೇ ಶತಮಾನದ ಹೊತ್ತಿಗೆ ಕಬ್ಬಿಣದವರಿಗೆ ಜಾಗ ಬಿಟ್ಟುಕೊಟ್ಟರು ಎಂದು ಅವರು ಲೆಕ್ಕ ಹಾಕಿದರು. ಎರಡೇ ವರ್ಷದಲ್ಲಿ, 1949ರಲ್ಲಿ, ಅಮೆರಿಕದ ವಿಲ್ಲರ್ಡ್ ಲಿಬ್ಬಿ ಮತ್ತು ಅವರ ಜೊತೆಗಾರರು ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲದಿಂದ ಕಾಲ ಅಳೆಯುವ ವಿಧಾನವನ್ನು ಲೋಕದ ಮುಂದಿಟ್ಟರು. ಜೀವವಿದ್ದಾಗ ಗಿಡವೂ ಪ್ರಾಣಿಯೂ ಈ ಇಂಗಾಲವನ್ನು ಒಳಗೆ ತೆಗೆದುಕೊಳ್ಳುತ್ತಲೇ ಇರುತ್ತವೆ. ಸತ್ತ ಮೇಲೆ ಅದು ನಿಧಾನಕ್ಕೆ ಕರಗುತ್ತದೆ. ಸುಮಾರು 5730 ವರ್ಷಕ್ಕೆ ಅರ್ಧ ಉಳಿಯುತ್ತದೆ. ಉಳಿದದ್ದನ್ನು ಅಳೆದರೆ ಸತ್ತ ಕಾಲ ತಿಳಿಯುತ್ತದೆ. ಇದ್ದಿಲು, ಕಾಳು, ಮೂಳೆ ಇದಕ್ಕೆ ಆಗುತ್ತವೆ. ಕಲ್ಲಿನ ಕೊಡಲಿಯನ್ನೇ ಕೊಟ್ಟರೆ ಆಗುವುದಿಲ್ಲ. ಹೀಗೆ ಇಸವಿಯಲ್ಲೇ ಹೇಳುವುದು ನಿರಪೇಕ್ಷ ಕಾಲನಿರ್ಣಯ.

ಈ ವಿಧಾನ ಬಂದ ಮೇಲೆ ವೀಲರ್ ಲೆಕ್ಕ ಬದಲಾಯಿತು. ದಕ್ಷಿಣದ ಹೊಸ ಶಿಲಾಯುಗ ಕ್ರಿ.ಪೂ. 3000ದ ಹತ್ತಿರಕ್ಕೆ ಹೋಯಿತು. ಕಬ್ಬಿಣವೂ ಹಿಂದಕ್ಕೆ ಹೋಯಿತು. ದಾವಣಗೆರೆಯ ನೆರೆಯ ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅಗೆಸಿದಾಗ, ಕಬ್ಬಿಣ ಬಂದ ಸ್ತರದ ಕಾಲ ಕ್ರಿ.ಪೂ. 1000ದ ಸುಮಾರಿಗೆ ಬಂತು. ಗಮನಿಸಿ, ಇಸವಿಗಳು ಬದಲಾದವು. ಕೆಳಗೆ ಕಲ್ಲು, ನಡುವೆ ಕಬ್ಬಿಣ, ಮೇಲೆ ಶಾತವಾಹನ ಎಂಬ ಕ್ರಮ ಮಾತ್ರ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಮಣ್ಣಿನ ಗೋಡೆಯ ನಕ್ಷೆಯನ್ನು ಎಚ್ಚರದಿಂದ ಬರೆದದ್ದಕ್ಕೆ ಅಷ್ಟು ಬೆಲೆ.

ಇನ್ನೊಂದು ಮಾತು. ಕಲ್ಲು, ಕಂಚು, ಕಬ್ಬಿಣ ಎಂಬ ಮೂರು ಯುಗಗಳ ಹಂಚಿಕೆ ಡೆನ್ಮಾರ್ಕಿನ ಒಂದು ವಸ್ತುಸಂಗ್ರಹಾಲಯದಲ್ಲಿ ಥಾಮ್ಸನ್ ಎಂಬುವವರು ವಸ್ತು ಜೋಡಿಸಲು ಮಾಡಿಕೊಂಡದ್ದು. ಅದು ಎಲ್ಲ ಕಡೆಗೂ ಒಪ್ಪುವುದಿಲ್ಲ. ನಮ್ಮಲ್ಲಿ ನಡುವೆ ಅಲ್ಲೊಂದು ಇಲ್ಲೊಂದು ತಾಮ್ರ, ಕಂಚಿನ ವಸ್ತು ಸಿಗುತ್ತದೆ, ಅಷ್ಟೇ. ಕಂಚಿನ ಯುಗ ಅಂತ ಬೇರೆ ಇಲ್ಲ. ಪರೀಕ್ಷೆಯಲ್ಲಿ ಸುಮ್ನೆ ಮೂರೂ ಬರೆದುಬಿಡಬೇಡಿ.

ಪ್ರಶ್ನೆ: ಕ್ರಿ.ಪೂ. 3ನೇ ಶತಮಾನ ಅಂದರೆ ಯಾವ ವರ್ಷದಿಂದ ಯಾವ ವರ್ಷ? ಪ್ರತಿ ಸಲ ಗೊಂದಲ ಆಗುತ್ತೆ. (ಗೃಹಿಣಿ, ಹರಿಹರ)

ಕ್ರಿ.ಪೂ. 300ರಿಂದ 201ರವರೆಗೆ. ಕ್ರಿಸ್ತಪೂರ್ವದಲ್ಲಿ ದೊಡ್ಡ ಸಂಖ್ಯೆ ಹಿಂದಿನದು, ಸಣ್ಣದು ಈಚಿನದು. ಸೊನ್ನೆ ವರ್ಷ ಎಂಬುದಿಲ್ಲ. ಕ್ರಿ.ಪೂ. 1 ಮುಗಿದರೆ ನೇರ ಕ್ರಿ.ಶ. 1. ಆದ್ದರಿಂದ ಕ್ರಿ.ಪೂ. 250ರಿಂದ ಕ್ರಿ.ಶ. 2000ಕ್ಕೆ 2250 ವರ್ಷ ಅಲ್ಲ, 2249.

ಪ್ರಶ್ನೆ: ‘ಪ್ರಾಗಿತಿಹಾಸ’ ಎಲ್ಲಿ ಮುಗಿದು ‘ಇತಿಹಾಸ’ ಎಲ್ಲಿ ಶುರುವಾಗುತ್ತೆ? ಮಕ್ಕಳಿಗೆ ಹೇಗೆ ಹೇಳಲಿ? (ಶಾಲಾ ಶಿಕ್ಷಕರು, ಹಿರಿಯೂರು)

ಓದಲು ಬರುವ ಬರಹ ಸಿಕ್ಕಲ್ಲಿಂದ ಇತಿಹಾಸ. ಅದಕ್ಕೂ ಹಿಂದಿನದು ಪ್ರಾಗಿತಿಹಾಸ. ಹರಪ್ಪದವರು ಇವೆರಡರ ನಡುವೆ ಇದ್ದಾರೆ. ಅವರಿಗೆ ಲಿಪಿ ಇತ್ತು, ಅದನ್ನು ಓದಲು ನಮಗೆ ಇನ್ನೂ ಬಂದಿಲ್ಲ.

ನಿಮ್ಮ ಮಕ್ಕಳನ್ನು ಸಾಧ್ಯವಾದರೆ ಬ್ರಹ್ಮಗಿರಿಗೇ ಕರೆದುಕೊಂಡು ಹೋಗಿ ಸರ್. 1892ರಲ್ಲಿ ಮೈಸೂರು ಸಂಸ್ಥಾನದ ಶಾಸನತಜ್ಞ ಬಿ.ಎಲ್. ರೈಸ್ ಅಲ್ಲಿ, ಪಕ್ಕದ ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದರು. ಕರ್ನಾಟಕದಲ್ಲಿ ಓದಲು ಸಿಗುವ ಅತಿ ಹಳೆಯ ಬರಹಗಳ ಸಾಲಿನಲ್ಲಿ ಇವು ಬರುತ್ತವೆ, ಕ್ರಿ.ಪೂ. 3ನೇ ಶತಮಾನದವು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಕಡೆಯಿಂದ ಇಸಿಲದ ಮಹಾಮಾತ್ರರಿಗೆ ಹೋದ ಸಂದೇಶ ಅದು. ಮೊದಲಿಗೆ ಅವರ ಆರೋಗ್ಯ ವಿಚಾರಿಸುತ್ತದೆ. ತಂದೆತಾಯಿ ಹೇಳಿದಂತೆ ನಡೆಯಿರಿ, ಜೀವಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಶಿಷ್ಯರು ಗುರುಗಳನ್ನು ಗೌರವಿಸಲಿ ಎನ್ನುತ್ತದೆ. ಇಸಿಲ ಈ ಬೆಟ್ಟದ ಬುಡದ ಊರೇ ಎಂದು ವಿದ್ವಾಂಸರು ಗುರುತಿಸುತ್ತಾರೆ.

ನನಗೆ ತುಂಬಾ ಇಷ್ಟವಾದದ್ದು ಅದರ ಕೊನೆ. ಬರೆದವನು ಚಪಡ ಎಂದು ತನ್ನ ಹೆಸರು ಹಾಕಿದ್ದಾನೆ. ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಓಡುವ ಲಿಪಿ, ದೂರದ ಗಾಂಧಾರದ ಕಡೆ ಬಳಕೆಯಲ್ಲಿದ್ದದ್ದು. ವಾಯವ್ಯದ ಗಡಿಯಲ್ಲಿ ಅಕ್ಷರ ಕಲಿತ ಒಬ್ಬ ಮನುಷ್ಯನ ಬರಹ ನಮ್ಮ ಮೊಳಕಾಲ್ಮೂರಿನ ಬಂಡೆ ಮೇಲಿದೆ ಅಂದರೆ, ಸಾಮ್ರಾಜ್ಯ ಎಂದರೇನು ಅಂತ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ, ಅಲ್ವಾ?

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ದೊಡ್ಡ ಚಪ್ಪಡಿ ನಿಲ್ಲಿಸಿದ ಗುಂಡಿ ಇದೆ. ಒಂದು ಚಪ್ಪಡಿಯಲ್ಲಿ ದುಂಡನೆ ಕಿಂಡಿ ಇದೆ. ಪಾಂಡವರ ಮನೆ ಅಂತಾರೆ. ನಿಧಿ ಇದೆ ಅಂತ ಯಾರೋ ರಾತ್ರಿ ಅಗೆದಿದ್ದಾರೆ. ಒಳಗೆ ಏನಿರುತ್ತೆ? ನಾನು ಏನು ಮಾಡಲಿ? (ರೈತರು, ಮೊಳಕಾಲ್ಮೂರು ತಾಲ್ಲೂಕು)

ನೀವು ಹೇಳುವುದನ್ನು ನೋಡಿದರೆ ಅದು ಬೃಹತ್ ಶಿಲಾ ಸಮಾಧಿ ಇರಬೇಕು. ಅಲ್ಲಿ ಚಿನ್ನದ ಕೊಪ್ಪರಿಗೆ ಇರುವುದಿಲ್ಲ. ಬ್ರಹ್ಮಗಿರಿಯ ಇಂಥ ಕಲ್ಲುಕೋಣೆಗಳಲ್ಲಿ ಸಿಕ್ಕದ್ದು ಮಡಕೆಗಳು, ಕಬ್ಬಿಣದ ಹತಾರ, ಮಣಿ, ಮತ್ತು ಮನುಷ್ಯರ ಮೂಳೆ. ಎಷ್ಟೋ ಸಲ ಇಡೀ ದೇಹ ಇರುವುದಿಲ್ಲ. ಬೇರೆಡೆ ಇಟ್ಟಿದ್ದ ದೇಹದ ಮೂಳೆಗಳನ್ನು ಆಮೇಲೆ ಆಯ್ದು ತಂದು, ಒಬ್ಬರಿಗಿಂತ ಹೆಚ್ಚು ಜನರದ್ದನ್ನು ಒಟ್ಟಿಗೆ ಇಡುತ್ತಿದ್ದರು. ಕಪ್ಪು-ಕೆಂಪು ಮಡಕೆ ಸಿಕ್ಕರೆ ಅದರ ಒಳಮೈ ಮತ್ತು ಬಾಯಿ ಕಪ್ಪಗೆ, ಹೊರಮೈ ಕೆಂಪಗೆ ಇರುತ್ತದೆ. ಮಡಕೆ ಮಗುಚಿ ಸುಟ್ಟು, ಗಾಳಿ ತಾಗದ ಭಾಗ ಕಪ್ಪಾಗುವಂತೆ ಮಾಡುತ್ತಿದ್ದರು ಎನ್ನುತ್ತಾರೆ.

ನಿಧಿ ಆಸೆಗೆ ಅಗೆದವರಿಗೆ ಏನೂ ಸಿಗುವುದಿಲ್ಲ, ಆದರೆ ಉಳಿದವರೆಲ್ಲರಿಗೂ ನಷ್ಟ. ಯಾವ ಮೂಳೆಯ ಪಕ್ಕ ಯಾವ ಮಡಕೆ ಇತ್ತು, ಅದು ಯಾವ ಪದರದಲ್ಲಿತ್ತು ಎಂಬುದು ಒಮ್ಮೆ ಕಲಕಿಹೋದರೆ ಮತ್ತೆ ಬರುವುದಿಲ್ಲ. ಮಡಕೆ ಪೂರ್ತಿಯಾಗಿ ಉಳಿದರೂ ಅದು ಯಾರದು, ಯಾವ ಕಾಲದ್ದು ಎಂದು ಹೇಳಲು ಕಷ್ಟ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಬ್ರಹ್ಮಗಿರಿಯ ಸುತ್ತ ಇಂಥ ಸಮಾಧಿಗಳು ನೂರಾರು ಇದ್ದವು, ವಿಜ್ಞಾನಿಗಳು ಅಗೆದು ನೋಡಿದ್ದು ಅವುಗಳಲ್ಲಿ ಕೆಲವನ್ನು ಮಾತ್ರ.

ಈಗ ನೀವು ಮಾಡಬೇಕಾದದ್ದು ಇಷ್ಟು. ಗುಂಡಿ ಮುಚ್ಚಲು ಹೋಗಬೇಡಿ, ಚಪ್ಪಡಿ ಅಲುಗಿಸಬೇಡಿ. ರಾತ್ರಿ ಅಗೆದ ವಿಷಯವನ್ನು ಪೊಲೀಸ್ ಠಾಣೆಗೆ ಬರೆದು ಕೊಡಿ. ತಹಶೀಲ್ದಾರರಿಗೂ ಚಿತ್ರದುರ್ಗದಲ್ಲಿರುವ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೂ ತಿಳಿಸಿ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು, ಅದನ್ನು ಮನಸ್ಸಿಗೆ ಬಂದಂತೆ ಮಾರುವ ಹಾಗಿಲ್ಲ. ಭಯ ಬೇಡ, ತಿಳಿಸಿದವರು ತಪ್ಪಿತಸ್ಥರಾಗುವುದಿಲ್ಲ.

ಜಾಗದ ಫೋಟೊ ತೆಗೆದಿಡಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಉಳುವಾಗ ಮಡಕೆ ಹೊರಗೆ ಬಂದಿದ್ದರೆ ಎಲ್ಲಿ ಬಂತೋ ಅಲ್ಲಿ ಒಂದು ಗೂಟ ನೆಟ್ಟು ಗುರುತು ಮಾಡಿ. ಮಡಕೆಯನ್ನು ತೊಳೆಯಬೇಡಿ, ಒಳಗಿನ ಮಣ್ಣನ್ನೂ ಚೆಲ್ಲಬೇಡಿ. ಆ ಮಣ್ಣಿನಲ್ಲಿ ಸುಟ್ಟ ಕಾಳು ಉಳಿದಿರಬಹುದು, ಕಾಲ ಹೇಳಲು ನಾಲ್ಕು ಕಾಳು ಸಿಕ್ಕರೂ ಸಾಕು.