ಬೋಲ್ಟ್ ಕೋವಿ ಕೇಳಿದ ನಾಪೋಕ್ಲಿನ ತಮ್ಮನಿಗೆ

ತಮ್ಮಾ,

"ಅಣ್ಣಾ, ಜಿಂಕೆ ಬೇಟೆಗೆ ಒಳ್ಳೇ ಬೋಲ್ಟ್ ಆಕ್ಷನ್ ರೈಫಲ್ ಯಾವುದು? ಊರಲ್ಲಿ ಅಜ್ಜನ ಜೋಡುನಳಿಗೆ ಹಿಡಿದೇ ಬೆಳೆದವನು ನಾನು, ಇಲ್ಲೂ ಲೈಸೆನ್ಸ್ ಬೇಕಾ?" ಅಂತ ಕೇಳಿದ್ದೀಯ. ಬೋಲ್ಟ್ ಆಕ್ಷನ್ ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಅನ್ನುವ ಅಗುಳಿಯನ್ನು ಕೈಯಿಂದ ಹಿಂದೆಮುಂದೆ ಎಳೆಯುವ ಕೋವಿ. ನ್ಯೂಜಿಲೆಂಡಿಗೆ ಬಂದು ಎರಡು ತಿಂಗಳಾಗಿಲ್ಲ, ಆಗಲೇ ಕೋವಿಯ ಚಿಂತೆ! ನಗೋಣವೆಂದರೆ, ಹದಿನಾರು ವರ್ಷದ ಹಿಂದೆ ವಿರಾಜಪೇಟೆಯಿಂದ ಬಂದಾಗ ನಾನೂ ಹೀಗೇ ಇದ್ದೆ.

ಲೈಸೆನ್ಸ್ ಬೇಕು. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಊರಲ್ಲಿರುವ ವಿನಾಯಿತಿ ಪತ್ರ ಇಲ್ಲಿ ಬರೀ ಕಾಗದ. ಸುರಕ್ಷತೆಯ ಪರೀಕ್ಷೆ ಬರೆಯಬೇಕು, ನಿನ್ನನ್ನು ಬಲ್ಲವರನ್ನು ಮಾತಾಡಿಸುತ್ತಾರೆ, ಮನೆಗೇ ಬಂದು ಕಪಾಟಿನ ಬೀಗ ನೋಡುತ್ತಾರೆ. ಮೊದಲ ಲೈಸೆನ್ಸ್ 5 ವರ್ಷಕ್ಕೆ. ಕೊಂಡ ಕೋವಿಯನ್ನು ರಿಜಿಸ್ಟ್ರಿಯಲ್ಲಿ, ಅಂದರೆ ಸರ್ಕಾರದ ಕೋವಿ ದಾಖಲೆಯಲ್ಲಿ, ಬರೆಸಬೇಕು, 2023ರ ಜೂನ್‌ನಿಂದ ಆ ಪದ್ಧತಿ. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಯ ತುದಿಗೆ ತೋಕ್‌ಪೂ ಹೂ ಸಿಕ್ಕಿಸಿ, ಮನೆಯ ನಡುಕೋಣೆ ನೆಲ್ಲಕ್ಕಿ ನಡುಬಾಡೆಯಲ್ಲಿ ಒರಗಿಸಿಟ್ಟ ಹಾಗೆ ಇಲ್ಲಿ ಇಡಲಿಕ್ಕಾಗುವುದಿಲ್ಲ. ಕೋವಿಗೊಂದು ಬೀಗ, ತೋಟಾಕ್ಕೆ ಇನ್ನೊಂದು.

ಬೇಟೆಗೆ ಮಾತ್ರ ಅಡ್ಡಿಯಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ಅಜ್ಜಂದಿರ ಬಾಯಲ್ಲಷ್ಟೇ ಉಳಿಯಿತು. ಇಲ್ಲಿಯ ಜಿಂಕೆ 19ನೇ ಶತಮಾನದಲ್ಲಿ ಬಿಳಿಯರು ತಂದು ಬಿಟ್ಟದ್ದು, ಕಾಡಿನ ಚಿಗುರೆಲ್ಲ ತಿಂದುಹಾಕುತ್ತವೆ. ಸರ್ಕಾರಿ ಕಾಡಿನ ಪರ್ಮಿಟ್ ಪುಕ್ಕಟೆ, ಹೆಚ್ಚಿನ ಕಡೆ ವರ್ಷವಿಡೀ ಹೊಡೆಯಬಹುದು.

ಇನ್ನು ರೈಫಲ್. ನಾನು ಮಾಡಿದ ತಪ್ಪು ಮೊದಲು ಕೇಳು. ಅಂಗಡಿಯವನ ಮಾತು ನಂಬಿ .300 ವಿಂಚೆಸ್ಟರ್ ಮ್ಯಾಗ್ನಂ ತೋಟಾದ ಕೋವಿ ತಂದೆ. ದೊಡ್ಡ ತೋಟಾ, ದೊಡ್ಡ ಗಂಡಸುತನ! ಕಣ್ಣನ್ನು ಸ್ಕೋಪಿಗೆ, ಅಂದರೆ ಗುರಿ ನೋಡುವ ದುರ್ಬೀನಿಗೆ, ತೀರಾ ಹತ್ತಿರ ಇಟ್ಟಿದ್ದೆ, ಮೊದಲ ಗುಂಡಿಗೇ ಅದರ ಅಂಚು ಹುಬ್ಬಿಗೆ ಬಡಿದು ಅರ್ಧಚಂದ್ರದ ಗಾಯವಾಯಿತು. ಆಮೇಲೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುವ ಚಾಳಿ ಹತ್ತಿ, 80 ಮೀಟರ್ ದೂರದಲ್ಲಿ ನಿಂತ ಹೆಣ್ಣು ಜಿಂಕೆ ತಪ್ಪಿಹೋಯಿತು. ಒಂದೇ ವರ್ಷದಲ್ಲಿ ಮಾರಿದೆ.

.308 ಅಳತೆಯ ತೋಟಾ ಹಾಕುವ ಕೋವಿ ತಗೋ, ಇಲ್ಲವೇ 7 ಎಂಎಂ-08ರದು. ಎರಡಕ್ಕೂ ಒದೆತ ಕಮ್ಮಿ. .308ರ ತೋಟಾ ಅಂತೂ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಕೋವಿಯಲ್ಲಿ ಫಿನ್‌ಲೆಂಡಿನ ಟಿಕ್ಕಾ ಟಿ3ಎಕ್ಸ್ ಅಥವಾ ಜಪಾನಿನ ಹೋವಾ 1500, ಇವೆರಡರ ಆಚೆ ಹುಡುಕಬೇಡ. ನನ್ನದು ಟಿಕ್ಕಾ. ಅದರ ಬೋಲ್ಟ್ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಜಾರುತ್ತದೆ. ತೋಟಾ ತುಂಬುವ ಮ್ಯಾಗಝಿನ್ ಪ್ಲಾಸ್ಟಿಕ್ಕು ಅಂತ ಗೊಣಗುವವರಿದ್ದಾರೆ, ನನಗೇನೂ ತೊಂದರೆ ಆಗಿಲ್ಲ. ಸ್ಟೇನ್‌ಲೆಸ್ ನಳಿಗೆಯದೇ ಇರಲಿ. ಇಲ್ಲಿಯ ನೈರುತ್ಯ ಮೂಲೆಯ ಫಿಯೋರ್ಡ್‌ಲೆಂಡಿನ ಮಳೆ ಭಾಗಮಂಡಲದ ಮಳೆಗಾಲವನ್ನೂ ನಾಚಿಸುತ್ತದೆ.

ಅಂಗಡಿಗೆ ಹೋದಾಗ ಹೆಸರು ನೋಡುವ ಮೊದಲು ಬೋಲ್ಟ್ ತೆಗೆಸಿ ನಳಿಗೆ ಖಾಲಿಯಿದೆಯಾ ಅಂತ ನೋಡು. ಮತ್ತೆ ಹಾಕಿಸಿ, ಜನರಿಲ್ಲದ ಗೋಡೆಯ ಕಡೆಗೆ ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ, ಆಮೇಲೆ ಕಣ್ಣು ತೆರೆ. ಸ್ಕೋಪಿನ ವೃತ್ತ ಪೂರ್ತಿ ಕಂಡರೆ ಸ್ಟಾಕ್, ಅಂದರೆ ಹೆಗಲಿಗೆ ಒರಗುವ ಹಿಡಿ, ನಿನ್ನ ಅಳತೆಯದು. ಕತ್ತು ಉದ್ದ ಮಾಡಿ ಹುಡುಕಬೇಕಾಯಿತೋ, ಎಷ್ಟೇ ಒಳ್ಳೇ ಕೋವಿಯಾದರೂ ಕೆಳಗಿಡು. ನಳಿಗೆಗೂ ಸ್ಟಾಕಿಗೂ ನಡುವೆ ಒಂದು ನೋಟು ತೂರಿಸಿ ಬೋಲ್ಟಿನ ಕಡೆಗೆ ಎಳೆ, ಎಲ್ಲೂ ಸಿಕ್ಕಿಕೊಳ್ಳಬಾರದು. ಸಿಕ್ಕಿದರೆ ಮರ ಒದ್ದೆಯಾಗಿ ಉಬ್ಬಿದಾಗ ನಳಿಗೆಯನ್ನು ಒತ್ತಿ ಗುರಿ ಬದಲಾಗುತ್ತದೆ. ಟ್ರಿಗರ್ ಜಗ್ಗದೆ, ತೆಂಗಿನ ಗರಿಯ ಕಡ್ಡಿ ಮುರಿದ ಹಾಗೆ ಒಮ್ಮೆಗೇ ಬಿಡಬೇಕು. ನೀನು ಎಡಗೈಯವನಾದರೆ ಎಡಗಡೆ ಬೋಲ್ಟಿನದೇ ಕೇಳು, ಸಿಗುತ್ತದೆ.

ಕೋವಿಗೆ ಹಾಕಿದಷ್ಟೇ ದುಡ್ಡು ಸ್ಕೋಪಿಗೂ ಇಡು. ಇಲ್ಲಿ ಮಿಗ ಹೊರಬರುವುದು ಮಸುಕಲ್ಲಿ, ಆಗ ಕನ್ನಡಿಯ ಗುಣ ಗೊತ್ತಾಗುತ್ತದೆ. 3-9×40, ಅಂದರೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಕನ್ನಡಿ 40 ಮಿಲಿಮೀಟರಿನ ಸ್ಕೋಪ್ ಸಾಕು. ನಮ್ಮ ಕಾಫಿತೋಟದಲ್ಲಿ ಕೈಗೆಟುಕುವ ದೂರದಲ್ಲಿ ಕಾಣುತ್ತಿತ್ತು, ಇಲ್ಲಿ ಕಣಿವೆಯ ಈಚೆ ನಿಂತು ಆಚೆಗೆ ಹೊಡೆಯಬೇಕು. ಪೊದೆಯಲ್ಲಿ ಅಲುಗಿದ್ದೆಲ್ಲ ಜಿಂಕೆಯಲ್ಲ, ಪೂರ್ತಿ ಕಾಣುವವರೆಗೆ ಬೆರಳು ಟ್ರಿಗರಿನ ಹೊರಗೇ ಇರಲಿ. ಗುಂಡು ತಾಗಿ ಸತ್ತವರಲ್ಲಿ ಸ್ವಂತ ಗೆಳೆಯನ ಗುಂಡಿಗೆ ಬಿದ್ದವರೂ ಇದ್ದಾರೆ.

ಲೈಸೆನ್ಸ್ ಬಂದಮೇಲೆ ಫೋನ್ ಮಾಡು. 100 ಮೀಟರಿಗೆ ಸುಮಾರು 5 ಸೆಂಟಿಮೀಟರ್ ಮೇಲೆ ಬೀಳುವಂತೆ ಸ್ಕೋಪ್ ತಿರುಗಿಸಿದರೆ 200ಕ್ಕೆ ಹೆಚ್ಚುಕಮ್ಮಿ ನೇರ ಕೂರುತ್ತದೆ, ಒಂದು ಬೆಳಗ್ಗೆಯ ಕೆಲಸ. ಕಿವಿಗೆ ಮಫ್ ನಿನ್ನದೇ ತಾ. ತೆಂಗಿನಕಾಯಿಗೆ ಹೊಡೆದೇ ಅಭ್ಯಾಸ ಅಂತ ಹಟ ಮಾಡಬೇಡ, ಇಲ್ಲಿ ಅದು ದುಬಾರಿ. ಕಾಗದಕ್ಕೇ ಹೊಡೆಯೋಣ.